ಓವರ್‌ಟೇಕ್ ಭಾವ

ಊರೊಳಗೆ ಭಾವನವರಷ್ಟು ಸಾಧು ಮನುಷ್ಯ ಇನ್ನೊಬ್ಬರಿಲ್ಲ. ಬ್ಯಾಂಕಿನ ಕ್ಯೂನಲ್ಲಿ ಯಾರಾದರೂ ನಡುವೆ ತೂರಿಕೊಂಡರೆ ‘ಪಾಪ, ಏನೋ ಅರ್ಜೆಂಟಿರಬೇಕು’ ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮದುವೆಮನೆಯಲ್ಲಿ ಮೂರನೇ ಪಂಕ್ತಿಗೆ ಕೂತರೂ ಅದೇ ನಗುಮುಖ. ಆದರೆ ನೆಲಮಂಗಲ ದಾಟಿ ಕಾರು ತುಮಕೂರಿನ ಕಡೆ ಮುಖ ಮಾಡಿತೆಂದರೆ ಒಳಗಿರುವವರು ಬೇರೆಯೇ ಭಾವ. ಮುಂದೊಂದು ಲಾರಿಯ ಬೆನ್ನು ಕಂಡ ಕೂಡಲೇ ಇವರ ಬೆನ್ನು ಸೀಟು ಬಿಡುತ್ತದೆ, ಎದೆ ಸ್ಟೀರಿಂಗಿಗೆ ಹತ್ತಿರವಾಗುತ್ತದೆ, ಹಾಡು ಬಂದ್ ಆಗುತ್ತದೆ. ‘ಏನವನ ಸೊಕ್ಕು!’ ಲಾರಿ ಮಾಡಿದ ಅಪರಾಧ ಇಷ್ಟೇ: ಇವರಿಗಿಂತ ಮುಂದಿದೆ.

ಇಂಥ ಭಾವ ಇಲ್ಲದ ಮನೆ ಕರ್ನಾಟಕದಲ್ಲಿ ಇರಲಾರದು. ಕೆಲವು ಮನೆಗಳಲ್ಲಿ ಅವರನ್ನು ಚಿಕ್ಕಪ್ಪ ಎನ್ನುತ್ತಾರೆ. ಈಚೆಗೆ ಒಂದೆರಡು ಮನೆಗಳಲ್ಲಿ ಅತ್ತಿಗೆ ಎಂದೂ ಕೇಳಿದ್ದೇನೆ.

ಭಾವನವರಿಗೆ ಕಾನೂನು ಗೊತ್ತು. ಅದರಲ್ಲೂ ಇನ್ನೊಬ್ಬರಿಗೆ ಅನ್ವಯಿಸುವ ಭಾಗ ಬಾಯಿಪಾಠ. ‘2018ರ ಅಧಿಸೂಚನೆ ಓದಿದ್ದೀಯೇನೋ? ಚತುಷ್ಪಥದಲ್ಲಿ ಕಾರಿಗೆ 100, ಲಾರಿಗೆ 80. 80ರವನು ಎಡಕ್ಕಿರಬೇಕೋ ಬೇಡವೋ?’ ಇರಬೇಕು, ಒಪ್ಪಿದೆ. ಬಲಗಡೆಯ ಲೇನ್ ಇರುವುದು ಹಿಂದಿಕ್ಕುವುದಕ್ಕೆ. ಆದರೆ ನಮ್ಮ ಎಡ ಲೇನಿನ ಕಥೆ ಯಾರಿಗೆ ಗೊತ್ತಿಲ್ಲ? ರಾಂಗ್ ಸೈಡಿನಲ್ಲಿ ಎದುರು ಬರುವ ಬೈಕು, ಮೇವು ಹೇರಿಕೊಂಡ ಟ್ರ್ಯಾಕ್ಟರು, ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವ ಬಸ್ಸು, ಎಳನೀರಿನ ಗಾಡಿಯ ಮುಂದೆ ಅರ್ಧ ರಸ್ತೆ ಹಿಡಿದು ನಿಂತ ಕಾರು. (ಆ ಕಾರು ಒಮ್ಮೊಮ್ಮೆ ಭಾವನವರದೇ.) ಲೋಡು ತುಂಬಿದ ಲಾರಿ ಒಮ್ಮೆ ಓಟ ಕಳೆದುಕೊಂಡರೆ, ಮತ್ತೆ ಒಂದೊಂದೇ ಗೇರು ಬದಲಿಸಿಕೊಂಡು 60ಕ್ಕೆ ಬರುವಷ್ಟರಲ್ಲಿ ಡೀಸೆಲ್ಲೂ ಹೋಯಿತು, ಹೊತ್ತೂ ಹೋಯಿತು. ಅದಕ್ಕೇ ಡ್ರೈವರು ಬಲಕ್ಕೆ ಅಂಟಿಕೊಳ್ಳುತ್ತಾನೆ. ತಪ್ಪು ಹೌದು, ಸೊಕ್ಕಲ್ಲ.

ಸೊಕ್ಕೇ ಇರಬಹುದು ಎನಿಸುವ ಸಂದರ್ಭವೂ ಒಂದಿದೆ, ಅಲ್ಲಿ ನಾನು ಭಾವನ ಪಕ್ಷ. 60ರಲ್ಲಿ ಹೋಗುತ್ತಿರುವ ಲಾರಿಯನ್ನು 62ರಲ್ಲಿ ಹೋಗುವ ಇನ್ನೊಂದು ಲಾರಿ ಹಿಂದಿಕ್ಕಲು ಹೊರಡುತ್ತದಲ್ಲ, ಅದು. ಲೆಕ್ಕ ಹಾಕಿ ನೋಡಿ: 40 ಮೀಟರ್ ಮುಂದಾಗುವುದಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಒಂದು ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೆದ್ದಾರಿಯೆಲ್ಲ ಅವರಿಬ್ಬರದೇ. ಹಿಂದೆ ಭಾವ ಹೆಡ್‌ಲೈಟ್ ಮಿಣುಕಿಸುತ್ತಿರುತ್ತಾರೆ. ಅಕ್ಕ ಕಣ್ಣು ಮುಚ್ಚಿ ಮಂತ್ರಾಲಯಕ್ಕೆ ಹರಕೆ ಹೊರುತ್ತಿರುತ್ತಾಳೆ.

ದಾರಿ ಸಿಗದಿದ್ದರೆ ಭಾವ ಎಡದಿಂದ ನುಗ್ಗುತ್ತಾರೆ. ‘ರೀ, ಬೇಡ ರೀ’ ಎಂಬ ಅಕ್ಕನ ಮಾತು ಮುಗಿಯುವುದರೊಳಗೆ ಕಾರು ಲಾರಿಯ ಎಡ ಮಗ್ಗುಲಲ್ಲಿ, ಅದರ ಚಕ್ರಗಳ ಎತ್ತರಕ್ಕೆ, ಓಡುತ್ತಿರುತ್ತದೆ. ದಾಟಿದ್ದೇ ತಡ, ಲಾರಿಯ ಮೂತಿಯ ಮುಂದೆ ಖಾಲಿ ಬಿದ್ದ ಜಾಗಕ್ಕೆ ಸರಕ್ಕನೆ ಒಳಸೇರುತ್ತಾರೆ. ಮೂವತ್ತು ವರ್ಷ ಬೆಂಗಳೂರಿನಲ್ಲಿ ಬಾಳಿದವರಿಗೆ ಬೇಲಿಯಿಲ್ಲದ ಸೈಟು ಕಂಡರೆ ಸುಮ್ಮನಿರಲು ಹೇಗೆ ಸಾಧ್ಯ? ಆದರೆ ಆ ಸೈಟಿಗೆ ಮಾಲೀಕನಿದ್ದಾನೆ. ಹತ್ತು ಚಕ್ರದ ಲಾರಿ ಕಾನೂನಿನಂತೆ ಲೋಡು ಸೇರಿ 28.5 ಟನ್ ತೂಗಬಹುದು, ಭಾವನವರ ಕಾರು ಎಲ್ಲರನ್ನೂ ಕೂರಿಸಿಕೊಂಡರೂ ಒಂದೂವರೆ ಟನ್ ಮುಟ್ಟುವುದಿಲ್ಲ. ಅಷ್ಟು ಭಾರ ನಿಲ್ಲಬೇಕೆಂದರೆ ಮುಂದೆ ಜಾಗ ಬೇಕು. ಅದರಲ್ಲೂ ಏರ್ ಬ್ರೇಕು: ಕಾಲಿಟ್ಟ ಮೇಲೆ ಗಾಳಿ ಪೈಪಿನಲ್ಲಿ ಹರಿದು ಚಕ್ರ ಹಿಡಿಯುವುದಕ್ಕೆ ಒಂದು ಗಳಿಗೆ. 60ರ ವೇಗದಲ್ಲಿ ಲಾರಿ ಸೆಕೆಂಡಿಗೆ 16 ಮೀಟರ್ ಮೀರಿ ಓಡುತ್ತದೆ. ಡ್ರೈವರು ತನ್ನ ಬ್ರೇಕಿಗೆಂದು ಬಿಟ್ಟುಕೊಂಡ ಜಾಗದಲ್ಲಿ ಇವರು ಸಂಸಾರ ಸಮೇತ ಗೃಹಪ್ರವೇಶ ಮಾಡಿರುತ್ತಾರೆ. ಮಾಡಿ, ಟೋಲ್ ಬಂತೆಂದು ತಾವೇ ಬ್ರೇಕ್ ಒತ್ತುತ್ತಾರೆ.

ಶಿರಾಡಿ ಘಾಟಿಯಲ್ಲಿ ಅವರ ವೈಖರಿ ಬೇರೆ. ಅಲ್ಲಿ ಪೆಟ್ರೋಲ್ ಉಳಿತಾಯ. ಮಾರನಹಳ್ಳಿ ದಾಟಿದ ಮೇಲೆ ಗೇರು ನ್ಯೂಟ್ರಲ್ಲಿಗೆ ಬರುತ್ತದೆ, ಕಾರು ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಟ್ಯಾಂಕರು ಎರಡನೇ ಗೇರಿನಲ್ಲಿ ನರಳುತ್ತ ಇಳಿಯುವುದನ್ನು ನೋಡಿ ‘ಡ್ರೈವಿಂಗ್ ಬರಲ್ಲ ಇವರಿಗೆ’ ಎಂದು ಕನಿಕರಪಡುತ್ತಾರೆ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಹಳೇ ಡ್ರೈವರುಗಳ ಪಾಠ, ಬ್ರೇಕು ಕಾದು ಕೈಕೊಡಬಾರದೆಂದು. ಈಗಿನ ಕಾರುಗಳಲ್ಲಿ ಗೇರು ಹಾಕಿಯೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ಹೋಗುತ್ತಲೇ ಇರುತ್ತದೆ. ಇದನ್ನು ಭಾವನವರಿಗೆ ಹೇಳಿದ ಅಳಿಯನನ್ನು ಆಮೇಲೆ ಅವರು ಕಾರಿಗೆ ಹತ್ತಿಸಿಕೊಂಡಿಲ್ಲ.

ಲಾರಿಯ ಇಂಡಿಕೇಟರ್ ವಿಷಯದಲ್ಲಿ ಮಾತ್ರ ಭಾವನನ್ನು ಬೈಯಲಾರೆ. ಬಲದ ದೀಪ ಮಿಟುಕಿದರೆ ಒಬ್ಬ ಡ್ರೈವರ ಪ್ರಕಾರ ‘ದಾರಿ ಖಾಲಿ, ಹೋಗು’. ಇನ್ನೊಬ್ಬನ ಪ್ರಕಾರ ‘ಎದುರು ಗಾಡಿ ಬರ್ತಿದೆ, ಸಾಯಬೇಡ’. ಮೂರನೆಯವನು ನಿಜಕ್ಕೂ ಬಲಕ್ಕೆ ತಿರುಗುತ್ತಿರುತ್ತಾನೆ. ಕೆಟ್ಟು ನಿಂತ ಲಾರಿಯ ಹಿಂದೆ ಸೊಪ್ಪಿನ ಕೊಂಬೆ, ನಾಲ್ಕು ಕಲ್ಲು ಇಟ್ಟು, ರಿಪೇರಿಯಾದ ಮೇಲೆ ಲಾರಿ ಮಾತ್ರ ತೆಗೆದುಕೊಂಡು ಹೋಗುವವರ ಬಗ್ಗೆ ಭಾವನವರು ಆಡುವ ಮಾತು ಇಲ್ಲಿ ಬರೆಯುವಂಥದ್ದಲ್ಲ, ಆದರೆ ನ್ಯಾಯವಾದದ್ದು.

ಇಷ್ಟೆಲ್ಲ ಸಾಹಸ ಮಾಡಿ ಹಿಂದಿಕ್ಕಿದ ಲಾರಿ, ಇವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತಾಗ ಮುಂದೆ ಹೋಗಿರುತ್ತದೆ. ಮತ್ತೆ ಬೆನ್ನಟ್ಟಿ ಹಿಂದೆ ಹಾಕಿದರೆ, ಶಿರಾದಲ್ಲಿ ಮಗುವಿಗೆ ವಾಂತಿ. ದಾವಣಗೆರೆಯ ನಾಮಕರಣಕ್ಕೆ ಹೊರಟ ದಿನ ಹಿಂಬದಿಯಲ್ಲಿ ಹಸು-ಕರುವಿನ ಚಿತ್ರವಿದ್ದ ಒಂದು ಲಾರಿಯೊಂದಿಗೆ ಭಾವನವರ ದ್ವೇಷ ದಾಬಸ್‌ಪೇಟೆಯಲ್ಲಿ ಹುಟ್ಟಿ ಹಿರಿಯೂರಿನವರೆಗೂ ಬೆಳೆಯಿತು. ಹಿರಿಯೂರಿನಾಚೆ ಟೀಗೆ ನಿಲ್ಲಿಸಿದರೆ ಅಲ್ಲೇ ಹಸು-ಕರು. ಡ್ರೈವರು ಬೆಂಚಿನ ಮೇಲೆ ಕಾಲು ಚಾಚಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

ಭಾವ ನೇರ ಹೋಗಿ ಎದುರು ನಿಂತರು. ‘ಏನಪ್ಪಾ, ಬೆಳಗಿನಿಂದ ಬೇಕಂತಲೇ ಅಡ್ಡ ಹಾಕ್ತಿದ್ದೀಯಲ್ಲ?’

ಡ್ರೈವರು ಗಾಬರಿಯಿಂದ ಎದ್ದ. ‘ಯಾರ್ ಸಾರ್ ನೀವು?’

‘ಬಿಳೀ ಕಾರು!’

‘ಯಾವ ಬಿಳೀ ಕಾರು ಸಾರ್? ಬೆಳಗಿಂದ ಬರೀ ಬಿಳೀವೇ.’

ಎಡಗಡೆಯಿಂದ ದಾಟಿದ್ದು, ಮುಂದೆ ನುಗ್ಗಿದ್ದು, ಎಲ್ಲವನ್ನೂ ಭಾವನವರು ಊರುಗಳ ಹೆಸರು ಸಮೇತ ನೆನಪಿಸಿದರು. ಡ್ರೈವರಿಗೆ ಈಗ ನಿಜಕ್ಕೂ ಬೆವರಿತು. ‘ಎಡಗಡೆಯಿಂದ್ಲಾ? ಆ ಬಾಗಿಲ ಮಗ್ಗುಲಲ್ಲಿ, ಮೂತಿ ಕೆಳಗೆ ಬಂದ್ರೆ ನನ್ನ ಸೀಟಿಂದ ಏನೂ ಕಾಣಾಕಿಲ್ಲ ಸಾರ್. ನನ್ನ ಕನ್ನಡೀಲಿ ನನ್ನ ಮುಖ ನಿಮಗೆ ಕಂಡ್ರೆ ನೀವು ನನಗೆ ಕಾಣ್ತೀರ. ಕಾಣಲಿಲ್ಲ ಅಂದ್ರೆ ನೀವು ಅಲ್ಲಿ ಇಲ್ಲಾಂತ್ಲೇ ಲೆಕ್ಕ.’

ಅಕ್ಕ ಅವನಿಗೆ ಇನ್ನೊಂದು ಟೀ ಹೇಳಿದಳು. ‘ಹಿಂದೆ ಹೋಗುವಾಗ ಎಷ್ಟು ದೂರ ಇರಬೇಕಪ್ಪಾ?’ ಎಂದು ಕೂತು ವಿಚಾರಿಸತೊಡಗಿದಳು. ಭಾವ ಕಾರಿನಲ್ಲಿ ಕೂತು ಹಾರ್ನ್ ಹೊಡೆದರು.

‘ಎಲ್ಲಾ ನಾಟಕ’ ಎಂದರು ಚಿತ್ರದುರ್ಗ ಬಂದ ಮೇಲೆ. ‘ನೋಡಿದಾನೆ. ಒಪ್ಪಿಕೊಳ್ಳೋಕೆ ಅಭಿಮಾನ.’

ನಾಮಕರಣ ಮುಗಿಸಿ ಬಂದ ವಾರದಲ್ಲೇ ಕಾರಿನ ಎಡಬಾಗಿಲುಗಳ ಉದ್ದಕ್ಕೆ, ಹಿಂದೆ, ಬಂಪರಿನ ಮೇಲೆ ಕೆಂಪು ಹಳದಿ ರೇಡಿಯಂ ಪಟ್ಟಿ ಅಂಟಿತ್ತು. ಯಾಕೆಂದು ಕೇಳಿದ್ದಕ್ಕೆ ಭಾವನವರು ಮೀಸೆಯ ಮೇಲೆ ಕೈಯಾಡಿಸಿ ಹೇಳಿದರು: ‘ಇನ್ನು ಕಾಣಲಿಲ್ಲ ಅನ್ನಲಿ, ನೋಡೋಣ!’