ಡ್ಯಾಶ್‌ಬೋರ್ಡ್ ಪರಕಾಯಪ್ರವೇಶ ಮೀಮಾಂಸೆ

ಒಂದನೆಯ ಪ್ರಕರಣ: ಲಕ್ಷಣ

ಸೂತ್ರ: ಬ್ರೌಸರಿನಲ್ಲಿ ವಾಸ, ಪರರ ಒಡೆತನ, ಸ್ವಂತ ಕಾನೂನು; ಈ ಮೂರೂ ಕೂಡಿದ್ದು ಪ್ಲಗಿನ್.

ವ್ಯಾಖ್ಯಾನ: 1995ರ ಹೊತ್ತಿಗೆ ವೆಬ್ ಪುಟವೆಂದರೆ ಅಕ್ಷರ ಮತ್ತು ಅಲುಗಾಡದ ಚಿತ್ರ. ಮುಟ್ಟಿದರೆ ತಿರುಗುವ, ಎಳೆದರೆ ಬದಲಾಗುವ ವಸ್ತುವನ್ನು ತೋರಿಸುವ ತ್ರಾಣ ಅದಕ್ಕಿರಲಿಲ್ಲ. ಆಗ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿಗೆ ಎನ್‌ಪಿಎಪಿಐ ಎಂಬ ಬಾಗಿಲಿಟ್ಟಿತು. ಹೊರಗಿನವರ ತಂತ್ರಾಂಶ ಆ ಬಾಗಿಲಿನಿಂದ ಒಳಬಂದು ಪುಟದ ಒಂದು ಚೌಕವನ್ನು ಹಿಡಿದು ಕೂತರೆ, ಆಮೇಲೆ ಆ ಚೌಕದೊಳಗೆ ನಡೆಯುವುದಕ್ಕೆಲ್ಲ ಅದೇ ದೊರೆ. ಫ್ಲಾಶ್, ಜಾವಾ ಆಪ್ಲೆಟ್, ಸಿಲ್ವರ್‌ಲೈಟ್ ಎಂಬುವು ಈ ಕುಲದ ಪ್ರಸಿದ್ಧರು.

ಅತಿವ್ಯಾಪ್ತಿ ಪರಿಹಾರ: ಜಾಹೀರಾತು ತಡೆಯಲು ಹಾಕಿಕೊಳ್ಳುವ ಸಲಕರಣೆಯನ್ನೂ ಜನ ಪ್ಲಗಿನ್ ಎನ್ನುವುದುಂಟು. ಅದು ಎಕ್ಸ್‌ಟೆನ್ಷನ್, ಬ್ರೌಸರ್ ಹಾಕಿದ ಗೆರೆ ದಾಟದು. ಮೂರನೆಯ ಲಕ್ಷಣ ಇಲ್ಲವಾದ್ದರಿಂದ ಈ ಗ್ರಂಥಕ್ಕೆ ಹೊರತು.

ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯ ಹೇಳಬೇಕು. ವಿಷಯ: ಪ್ಲಗಿನ್ ಸತ್ತಾಗ ಅದರೊಳಗಿದ್ದ ವ್ಯವಹಾರ ವರದಿಯ ಜೀವವನ್ನು ಬೇರೊಂದು ದೇಹಕ್ಕೆ ದಾಟಿಸುವುದು. ಪ್ರಯೋಜನ: ಸೋಮವಾರದ ರಿವ್ಯೂ ಮೀಟಿಂಗ್ ಹೇಳಿದ ಹೊತ್ತಿಗೆ ಶುರುವಾಗುವುದು. ಅಧಿಕಾರಿ: ತಿಂಗಳ ಕೊನೆಯಲ್ಲಿ "ಯಾಕ್ರೀ ಓಪನ್ ಆಗ್ತಿಲ್ಲ?" ಎಂಬ ಫೋನು ಯಾರಿಗೆ ಬರುತ್ತದೋ ಅವರು. ಸಂಬಂಧ: ಪ್ಲಗಿನ್ನಿಗೂ ವರದಿಗೂ ಇರುವ ಸಂಬಂಧವೇ ಇಲ್ಲಿನ ಮುಖ್ಯ ವಿವಾದ, ಐದನೆಯ ಪ್ರಕರಣದಲ್ಲಿ ತೀರ್ಮಾನ.

ಎರಡನೆಯ ಪ್ರಕರಣ: ಮರಣಭೇದ

ಪ್ಲಗಿನ್ ಮರಣ ಮೂರು ವಿಧ: ಘೋಷಿತ, ದ್ವಾರಬಂಧ, ಉಪೇಕ್ಷಾ.

ಘೋಷಿತಮರಣಕ್ಕೆ ಫ್ಲಾಶ್ ನಿದರ್ಶನ. ಅದರ ಭದ್ರತೆಯ ತೂತುಗಳು ಮುಚ್ಚಿದಷ್ಟೂ ತೆರೆದುಕೊಳ್ಳುತ್ತಿದ್ದವು. ಐಫೋನು ಅದನ್ನು ಮೊದಲಿನಿಂದಲೂ ಹತ್ತಿರ ಸೇರಿಸಲಿಲ್ಲ. ಏಕೆ ಸೇರಿಸುವುದಿಲ್ಲವೆಂದು ಸ್ಟೀವ್ ಜಾಬ್ಸ್ 2010ರಲ್ಲಿ ಬಹಿರಂಗ ಪತ್ರವನ್ನೇ ಬರೆದರು. ಅಷ್ಟರಲ್ಲಿ ಎಚ್‌ಟಿಎಂಎಲ್5 ಬಂದು, ಚಾರ್ಟು ಕುಣಿಸಲು ಹೊರಗಿನವರ ಹಂಗು ಬೇಡವೆಂದಾಯಿತು. ಕೊನೆಗೆ 2017ರ ಜುಲೈ 25ರಂದು ಅಡೋಬಿ ಮರಣದಿನವನ್ನು ತಾನೇ ಸಾರಿತು: 2020ರ ಡಿಸೆಂಬರ್ 31. ಮೂರು ವರ್ಷ ಐದು ತಿಂಗಳ ಮುನ್ಸೂಚನೆ! ಯಮನೂ ಇಷ್ಟು ಸಾವಕಾಶ ಕೊಟ್ಟವನಲ್ಲ. ಅದಾದ ಮೇಲೂ ಹನ್ನೊಂದು ದಿನ ಕಾದು, 2021ರ ಜನವರಿ 12ರಿಂದ, ಪ್ಲೇಯರಿನೊಳಗೆ ಮೊದಲೇ ಬರೆದಿಟ್ಟಿದ್ದ ಆಜ್ಞೆಯಂತೆ, ಫ್ಲಾಶ್ ತನ್ನ ಕಡತಗಳನ್ನು ತಾನೇ ಓಡಿಸಲು ಒಲ್ಲೆನೆಂದಿತು. ಇಚ್ಛಾಮರಣಿಗಳಲ್ಲಿ ಭೀಷ್ಮನ ನಂತರ ಇದೇ.

ದ್ವಾರಬಂಧಮರಣದಲ್ಲಿ ಪ್ಲಗಿನ್ ಬದುಕಿಯೇ ಇರುತ್ತದೆ, ಬ್ರೌಸರ್ ಬಾಗಿಲು ಹಾಕಿಕೊಳ್ಳುತ್ತದೆ. ಜಾವಾ ಆಪ್ಲೆಟ್ಟಿಗೆ ಒದಗಿದ್ದು ಇದು. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ 45 ಎನ್‌ಪಿಎಪಿಐ ಬಾಗಿಲನ್ನು ಮುಚ್ಚಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 52 ಫ್ಲಾಶಿನ ಹೊರತು ಉಳಿದವರನ್ನೆಲ್ಲ ಹೊರಗೆ ನಿಲ್ಲಿಸಿತು. ಮರುವರ್ಷ ಬಂದ ಜಾವಾ 11ರಲ್ಲಿ ಒರಾಕಲ್ ಆ ಪ್ಲಗಿನ್ನನ್ನೇ ಕೈಬಿಟ್ಟಿತು.

ಉಪೇಕ್ಷಾಮರಣಕ್ಕೆ ಸಿಲ್ವರ್‌ಲೈಟ್ ಸಾಕ್ಷಿ. 2007ರಲ್ಲಿ ಜನನ, 2011ರಲ್ಲಿ ಐದನೆಯ ಆವೃತ್ತಿ, ಆಮೇಲೆ ಹೆತ್ತವರು ಆರನೆಯದರ ಮಾತೆತ್ತಲಿಲ್ಲ. 2021ರ ಅಕ್ಟೋಬರ್ 12ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದಾಗ, ಅದು ಇನ್ನೂ ಇತ್ತೇ ಎಂದು ಕೇಳಿದವರೇ ಬಹಳ. ಶೇರ್‌ಪಾಯಿಂಟಿನಲ್ಲಿ, ಸಿಲ್ವರ್‌ಲೈಟನ್ನೇ ನಂಬಿದ್ದ ಪವರ್ ವ್ಯೂ ಬಳಸಿ ವರದಿ ಕಟ್ಟಿದ್ದವರು ಮಾತ್ರ ಕೇಳಲಿಲ್ಲ. ಪವರ್ ಬಿಐ ಕಡೆಗೆ ಗಂಟುಮೂಟೆ ಕಟ್ಟುತ್ತಿದ್ದರು.

ಈ ಮೂರಕ್ಕೂ ಸೇರದ ಪ್ರೇತಾವಸ್ಥೆಯೊಂದಿದೆ. ಸರ್ಕಾರದ ತಾಣಗಳಲ್ಲಿ ಡಿಜಿಟಲ್ ಸಹಿ ಹಾಕಿಸುವ ಕೆಲಸ ಒಮ್ಮೆ ಆಪ್ಲೆಟ್ಟಿನದಾಗಿತ್ತು. ದೇಹ ಹೋಯಿತು, ಕೆಲಸ ಉಳಿಯಿತು. ಯುಎಸ್‌ಬಿ ಟೋಕನ್ನನ್ನು ಮುಟ್ಟಲು ಬ್ರೌಸರಿಗೆ ಕೈಯಿಲ್ಲ. ಹಾಗಾಗಿ ಈಗ ಜಿಎಸ್‌ಟಿ ರಿಟರ್ನಿಗೆ ಟೋಕನ್ನಿನಿಂದ ಸಹಿ ಹಾಕುವವರ ಕಂಪ್ಯೂಟರಿನಲ್ಲಿ ಎಮ್‌ಸೈನರ್ ಎಂಬ ಪುಟ್ಟ ತಂತ್ರಾಂಶ ಬ್ರೌಸರಿನ ಹೊರಗೆ ಕೂತು, ಪುಟ ಕೂಗಿದಾಗ ಓಗೊಡುತ್ತದೆ. ಓಗೊಡದಿದ್ದರೆ "ರೀಸ್ಟಾರ್ಟ್ ಮಾಡಿ" ಎಂಬುದೇ ಶಾಂತಿಮಂತ್ರ. ರಾಜ್ಯದ ಯಾವ ಆಡಿಟರ್ ಆಫೀಸಿನಲ್ಲಿ ಬೇಕಾದರೂ ಕೇಳಿ ನೋಡಬಹುದು.

ಮೂರನೆಯ ಪ್ರಕರಣ: ವರದಿಭೇದ

ವರದಿಗಳ ಜಾತಿ ತಿಳಿಯಲು ಎಕ್ಸೆಲ್ಸಿಯಸ್ಸಿಗಿಂತ ಒಳ್ಳೆಯ ಕ್ಷೇತ್ರವಿಲ್ಲ. ಇದು ಇನ್ಫೊಮರ್ಷನ್ ಎಂಬ ಕಂಪನಿ ಮಾಡಿದ, ಡ್ಯಾಶ್‌ಬೋರ್ಡ್ ಕಟ್ಟುವ ತಂತ್ರಾಂಶ. 2005ರಲ್ಲಿ ಬಿಸಿನೆಸ್ ಆಬ್ಜೆಕ್ಟ್ಸ್ ಅದನ್ನು ಕೊಂಡಿತು. ಆ ಕೊಂಡವರನ್ನು ಸ್ಯಾಪ್ ಕೊಂಡಿತು. ಹೆಸರನ್ನು 'ಡ್ಯಾಶ್‌ಬೋರ್ಡ್ಸ್' ಎಂದು ಬದಲಿಸಿದರೂ ಬಳಸುವವರ ಬಾಯಲ್ಲಿ ಎಕ್ಸೆಲ್ಸಿಯಸ್ಸೇ ಉಳಿಯಿತು.

ಅದರ ಸ್ವರೂಪ ಹೀಗಿತ್ತು. ಪರದೆಯ ಮೇಲ್ಭಾಗ ಖಾಲಿ ಹಲಗೆ, ಕೆಳಭಾಗದಲ್ಲಿ ಸಾಕ್ಷಾತ್ ಎಕ್ಸೆಲ್ ಹಾಳೆ. ಗೇಜು, ಸ್ಲೈಡರು, ಪೈ ಚಾರ್ಟುಗಳನ್ನು ಹಲಗೆಗೆ ಎಳೆದು ತಂದು, ಒಂದೊಂದನ್ನೂ ಹಾಳೆಯ ಒಂದೊಂದು ಕೋಶಕ್ಕೆ ಕಟ್ಟುವುದು. ಪ್ರೋಗ್ರಾಮಿಂಗ್ ಬೇಡ, ವಿಲುಕಪ್ ಗೊತ್ತಿದ್ದವರೆಲ್ಲ ಕವಿಗಳು. ಪಬ್ಲಿಷ್ ಒತ್ತಿದರೆ ಹಲಗೆ, ಹಾಳೆ, ಸೂತ್ರ ಎಲ್ಲವೂ ಕಲಸಿ, ಫ್ಲಾಶ್ ಓಡಿಸುವ ಒಂದೇ ಎಸ್‌ಡಬ್ಲ್ಯೂಎಫ್ ಕಡತ. ಅದನ್ನು ಪೋರ್ಟಲ್ಲಿಗೆ ಹಾಕಬಹುದಿತ್ತು, ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಕೂರಿಸಬಹುದಿತ್ತು. ಎಂಡಿಯವರ ಎದುರು ಸ್ಲೈಡರ್ ಎಳೆದಾಗ ಮುಳ್ಳು ಸರಕ್ಕನೆ ತಿರುಗುವ ಸುಖಕ್ಕೆ ಎಷ್ಟೋ ಬಜೆಟ್ಟುಗಳು ಪಾಸಾಗಿವೆ.

ಫ್ಲಾಶ್ ಸತ್ತ ದಿನ ಇಂಥ ವರದಿಗಳು ನಾಲ್ಕು ಜಾತಿಯಾಗಿ ಒಡೆದವು.

ಸಮೂಲ: ಮೂಲ ಎಕ್ಸ್‌ಎಲ್‌ಎಫ್ ಕಡತ ಕೈಯಲ್ಲಿದೆ, ತೆರೆದು ನೋಡಬಹುದು. ಅಪರೂಪ.

ನಿರ್ಮೂಲ: ಕಲಸಿದ ಎಸ್‌ಡಬ್ಲ್ಯೂಎಫ್ ಮಾತ್ರ ಇದೆ. ಮೂಲ ಕಡತ ಕಟ್ಟಿದವನ ಲ್ಯಾಪ್‌ಟಾಪಿನಲ್ಲಿತ್ತು. ಅವನು ಕಂಪನಿ ಬಿಟ್ಟ. ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಹೊಸಬನಿಗೆ ಕೊಟ್ಟರು. ಇದೇ ಹೆಚ್ಚು.

ಕೇವಲಾಲಂಕಾರ: ಮುಳ್ಳಿದೆ, ಬಣ್ಣವಿದೆ, ಆದರೆ ದತ್ತಾಂಶದ ಕೊಂಡಿ ಎಂದೋ ಕಳಚಿದೆ. ತೋರಿಸುತ್ತಿರುವುದು ಡೆಮೋ ದಿನದ ಅಂಕಿ.

ಗೂಢಗಣಿತ: ಹೊರಗೆ ಚಿತ್ರ, ಒಳಗೆ ಕಾನೂನು. ಸೇಲ್ಸ್ ರಿಟರ್ನ್ ಕಳೆಯಬೇಕೋ ಬೇಡವೋ, ಆರ್ಥಿಕ ವರ್ಷ ಏಪ್ರಿಲಿನಿಂದಲೋ ಜನವರಿಯಿಂದಲೋ, ಯಾವ ಡಿಪೋ ಯಾವ ವಲಯಕ್ಕೆ ಎಂಬ ತೀರ್ಮಾನಗಳು ಡೇಟಾಬೇಸಿನಲ್ಲೂ ಇಲ್ಲ, ಯಾವ ಸುತ್ತೋಲೆಯಲ್ಲೂ ಇಲ್ಲ. ಒಳಗಿನ ಹಾಳೆಯ ಯಾವುದೋ ಮೂಲೆಯ ಕೋಶದಲ್ಲಿವೆ. ಇದೇ ಅಪಾಯದ ಜಾತಿ. ಮೊದಲ ಮೂರರ ವೇಷದಲ್ಲೂ ಇರಬಲ್ಲದು.

ನಾಲ್ಕನೆಯ ಪ್ರಕರಣ: ಪಕ್ಷಭೇದ

ವಲಸೆಯ ವಿಷಯದಲ್ಲಿ ವಾದಿಗಳು ಐದು ಬಗೆ.

ಸುಷುಪ್ತಿವಾದಿ: "ಇನ್ನೂ ಟೈಮಿದೆ ಬಿಡಿ" ಎಂಬುದು ಇವರ ಮಹಾವಾಕ್ಯ. 2017ರಲ್ಲಿ ಹೇಳಿದರು, 2019ರಲ್ಲೂ ಹೇಳಿದರು. 2021ರ ಜನವರಿಯಲ್ಲಿ ಇವರ ಟಿಕೆಟ್ಟಿನ ಮೇಲೆ 'ಅರ್ಜೆಂಟ್' ಎಂಬ ಕೆಂಪು ಪಟ್ಟಿ.

ಸ್ಥಾವರವಾದಿ: ವರದಿ ಅಲುಗಬಾರದು, ಲೋಕವೇ ನಿಲ್ಲಲಿ ಎನ್ನುವವರು. ಒಂದು ಹಳೆಯ ಪಿಸಿಯನ್ನು ಮೂಲೆಗಿಟ್ಟು, ಅಪ್‌ಡೇಟ್ ನಿಲ್ಲಿಸಿ, "ದಯವಿಟ್ಟು ಮುಟ್ಟಬೇಡಿ" ಎಂದು ಚೀಟಿ ಅಂಟಿಸುತ್ತಾರೆ. ಈ ಮತಕ್ಕೆ ಅಂತರರಾಷ್ಟ್ರೀಯ ಅನುಯಾಯಿಗಳುಂಟು. ಫ್ಲಾಶ್ ಕೈಕೊಟ್ಟಾಗ ಚೀನಾದ ದಾಲಿಯಾನ್ ರೈಲು ಡಿಪೋದವರು ಅದರ ಹಳೆಯ ಆವೃತ್ತಿಯನ್ನೇ ಹುಡುಕಿ ಮತ್ತೆ ಪ್ರತಿಷ್ಠಾಪಿಸಿದರು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದ ಫ್ಲಾಶ್ ಫಾರಂಗಳನ್ನು ತುಂಬಿಸಲೆಂದೇ 2021ರ ಜನವರಿಯಲ್ಲಿ ತನ್ನದೇ ಬ್ರೌಸರನ್ನು ಬಿಡುಗಡೆ ಮಾಡಿತು. ಹೆಣಕ್ಕೆ ತಕ್ಕ ಮನೆ ಕಟ್ಟಿದ ಇಂಥ ದೃಷ್ಟಾಂತ ಪುರಾಣದಲ್ಲೂ ವಿರಳ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೇ ಅಂಟಿಕೊಂಡ ಪುಟಗಳವರು ಎಡ್ಜ್ ಬ್ರೌಸರಿನ ಐಇ ಮೋಡನ್ನು ಆಶ್ರಯಿಸಿದ್ದಾರೆ. ಕನಿಷ್ಠ 2029ರವರೆಗೆ ಅದು ಇರುತ್ತದೆಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿದೆ. ಇದು ಮೋಕ್ಷವಲ್ಲ, ಸ್ವರ್ಗ. ಪುಣ್ಯ ತೀರಿದ ದಿನ ಇಳಿಯಲೇಬೇಕು.

ಎಕ್ಸೆಲ್ ಚಾರ್ವಾಕ: ಪ್ರತ್ಯಕ್ಷವೊಂದೇ ಪ್ರಮಾಣ ಎಂಬವರು. "ಈ ಡ್ಯಾಶ್‌ಬೋರ್ಡ್ ಗೀಶ್‌ಬೋರ್ಡ್ ಎಲ್ಲ ಬೇಡ ಸಾರ್, ಎಕ್ಸೆಲ್ಲಿಗೆ ಎಕ್ಸ್‌ಪೋರ್ಟ್ ಕೊಟ್ಬಿಡಿ, ನಾವ್ ನೋಡ್ಕೋತೀವಿ." ಇವರನ್ನು ಖಂಡಿಸುವುದು ಸುಲಭವೆಂದು ಹೊರಟವರು ಸೋತಿದ್ದಾರೆ.

ಪ್ರತಿಬಿಂಬವಾದಿ: ಹೊಸದು ಹಳೆಯದರಂತೆಯೇ ಇರಬೇಕು. ಅದೇ ಸ್ಪೀಡೋಮೀಟರು, ಅದೇ ಹಸಿರು, ಅದೇ ನೆರಳು. ಎಚ್‌ಟಿಎಂಎಲ್5ರಲ್ಲಿ ಆ ಮುಳ್ಳನ್ನು ಹಾಗೆಯೇ ತಿರುಗಿಸಲು ಹುಡುಗರು ವಾರಗಟ್ಟಲೆ ಒದ್ದಾಡುತ್ತಾರೆ. ಮುಳ್ಳಿನ ಹಿಂದಿನ ಲೆಕ್ಕವನ್ನು ಕೊನೆಯ ಸಂಜೆ ನೋಡುತ್ತಾರೆ. ಇದರ ಹೆಸರು ದೇಹಾತ್ಮಭ್ರಮೆ.

ತತ್ತ್ವಜಿಜ್ಞಾಸು: "ಈ ಅಂಕಿ ಎಲ್ಲಿಂದ ಬರುತ್ತೆ?" ಎಂದು ಕೇಳುವವರು. ಮೀಟಿಂಗಿನಲ್ಲಿ ಯಾರಿಗೂ ಬೇಡದವರು.

ಐದನೆಯ ಪ್ರಕರಣ: ಸಂಖ್ಯಾವಿವಾದ

ಶಾಸ್ತ್ರದ ವಾಡಿಕೆಯಂತೆ ಮಾರಾಟ ವಿಭಾಗದ ಮ್ಯಾನೇಜರನ್ನು ದೇವದತ್ತನೆಂದೂ ಐಟಿಯವನನ್ನು ಯಜ್ಞದತ್ತನೆಂದೂ ಇಟ್ಟುಕೊಳ್ಳೋಣ. ಹಳೆಯ ವರದಿಯಲ್ಲಿ ತಿಂಗಳ ಮಾರಾಟ 4 ಕೋಟಿ 12 ಲಕ್ಷ. ಹೊಸದರಲ್ಲಿ 4 ಕೋಟಿ 37 ಲಕ್ಷ.

ದೇವದತ್ತನ ಪೂರ್ವಪಕ್ಷ: "ಟ್ಯಾಲಿ ಆಗ್ತಿಲ್ಲ ಕಣ್ರೀ. ಹಳೇದಕ್ಕೆ ಮ್ಯಾಚ್ ಮಾಡಿ, ಸೈನ್-ಆಫ್ ಕೊಡ್ತೀನಿ."

ಯಜ್ಞದತ್ತ: "ಸಾರ್, ಹೊಸದು ನೇರ ಡೇಟಾಬೇಸಿಂದ ಬರ್ತಿದೆ. ಹಳೇದೇ ತಪ್ಪಿರಬಹುದಲ್ವಾ?"

ದೇವದತ್ತ: "ಆರು ವರ್ಷದಿಂದ ಅದನ್ನೇ ನೋಡಿ ಟಾರ್ಗೆಟ್ ಹಾಕಿದೀವಿ, ಇನ್ಸೆಂಟಿವ್ ಕೊಟ್ಟಿದೀವಿ. ತಪ್ಪು ಅಂದ್ರೆ ಏನರ್ಥ?"

ಈ ಪ್ರಶ್ನೆಗೆ ತರ್ಕದಲ್ಲಿ ಉತ್ತರವಿಲ್ಲ, ಹಳೆಯ ಕಡತದಲ್ಲಿದೆ. ಎಕ್ಸೆಲ್ಸಿಯಸ್ ಒಂದು ಪಟ್ಟಿಯಿಂದ ಓದುವ ಸಾಲುಗಳಿಗೆ 512 ಎಂಬ ಮಿತಿಯನ್ನು ಹುಟ್ಟಿನಿಂದಲೇ ಇಟ್ಟುಕೊಂಡು ಬರುತ್ತಿತ್ತು; ಬೇಕಾದವರು ಸೆಟ್ಟಿಂಗಿಗೆ ಹೋಗಿ ಏರಿಸಿಕೊಳ್ಳಬೇಕಿತ್ತು. ವರದಿ ಕಟ್ಟಿದಾಗ ಡೀಲರುಗಳು ನಾನೂರು ಚಿಲ್ಲರೆ. ಏರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಈಗ 540. ಪಟ್ಟಿ ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದುದರಿಂದ ಬಾಲದಲ್ಲಿ ಬರುವ ಯಾದಗಿರಿ, ಯಲಹಂಕ, ಯಲ್ಲಾಪುರದವರು ಮಾಡಿದ ಮಾರಾಟ ಮುಳ್ಳಿನವರೆಗೆ ಬರುತ್ತಲೇ ಇರಲಿಲ್ಲ. ಯಾದಗಿರಿಯ ಏರಿಯಾ ಮ್ಯಾನೇಜರ್ ಪ್ರತಿ ರಿವ್ಯೂನಲ್ಲಿ ಬೈಸಿಕೊಂಡದ್ದು ತನ್ನ ಊರಿನ ಹೆಸರಿನ ಮೊದಲಕ್ಷರಕ್ಕಾಗಿ.

ಸಿದ್ಧಾಂತ: ಚಿತ್ರ ದೇಹ, ನಿಯಮ ಜೀವ. ಪ್ಲಗಿನ್ ಸತ್ತದ್ದು ನಷ್ಟವಲ್ಲ. ನಿಯಮವನ್ನು ದೇಹದೊಳಗೆ ಬಚ್ಚಿಟ್ಟದ್ದು ನಷ್ಟ. ಆದ್ದರಿಂದ ಪರಕಾಯಪ್ರವೇಶದ ವಿಧಿ ಇಷ್ಟೇ: ಮೊದಲು ಪ್ರತಿಯೊಂದು ಅಂಕಿಗೂ ಒಂದು ವಾಕ್ಯದ ವ್ಯಾಖ್ಯೆ ಬರೆಯಬೇಕು, ನಿವ್ವಳ ಮಾರಾಟವೆಂದರೆ ಏನು ಕೂಡಿದ್ದು, ಏನು ಕಳೆದದ್ದು ಎಂಬುದಕ್ಕೆ ಮಾರಾಟದವರೂ ಫೈನಾನ್ಸಿನವರೂ ಒಂದೇ ಹಾಳೆಯಲ್ಲಿ ಸಹಿ ಹಾಕಬೇಕು, ಲೆಕ್ಕವನ್ನು ಡೇಟಾಬೇಸಿನ ಪದರದಲ್ಲಿ ಕೂರಿಸಬೇಕು, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಬಂದಲ್ಲಿ ಹೊಸದನ್ನು ತಿದ್ದುವ ಮೊದಲು ಕಾರಣ ಹುಡುಕಬೇಕು. ಚಾರ್ಟಿನ ಸರದಿ ಇದೆಲ್ಲ ಆದಮೇಲೆ.

ಹೊಸ ದೇಹ ಶಾಶ್ವತ ತಾನೇ ಎಂದು ಕೇಳುವವರಿಗೆ: ಎಕ್ಸೆಲ್ಸಿಯಸ್ಸಿನಿಂದ ಎಷ್ಟೋ ಜನ ಅದೇ ಸ್ಯಾಪಿನ ಲುಮಿರಾ ಡಿಸೈನರಿಗೆ ಜಿಗಿದರು. ಬೆವರು ಆರುವ ಮೊದಲೇ ಲುಮಿರಾಕ್ಕೂ ಅಂತ್ಯದಿನ ಪ್ರಕಟವಾಯಿತು. ನಿಯಮವನ್ನು ಹೊರಗೆ ಬರೆದಿಟ್ಟವರು ಹೊಸ ಚಾರ್ಟು ಹಾಕಿಕೊಂಡರು. ಉಳಿದವರು ಈ ಗ್ರಂಥದ ಎರಡನೆಯ ಪ್ರಕರಣಕ್ಕೆ ಮರಳಿದರು.

ಫಲಶ್ರುತಿ

ಇದನ್ನು ಓದಿದ ಐಟಿಯವರಿಗೆ ಯುಎಟಿ ಎಂಬ ಬಳಕೆದಾರರ ಒಪ್ಪಿಗೆ ಪರೀಕ್ಷೆ ಒಂದೇ ಸುತ್ತಿನಲ್ಲಿ ಮುಗಿಯುವುದು. ಕೇಳಿದ ಮ್ಯಾನೇಜರಿಗೆ ತನ್ನ ಇನ್ಸೆಂಟಿವಿನ ಲೆಕ್ಕ ಮೊದಲ ಬಾರಿಗೆ ಅರ್ಥವಾಗುವುದು. ಮುದ್ರಿಸಿ ಹಂಚಿದ ಎಚ್‌ಆರ್‌ನವರಿಗೆ ಕೆಲಸ ಬಿಡುವವರ ಲ್ಯಾಪ್‌ಟಾಪಿನಿಂದ ಮೂಲ ಕಡತ ಎತ್ತಿಟ್ಟುಕೊಳ್ಳುವ ಬುದ್ಧಿ ಬರುವುದು. ಯಾದಗಿರಿಯವರಿಗೆ ಬಾಕಿ ಇನ್ಸೆಂಟಿವ್ ಬರುವುದೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ; ಅದು ಫೈನಾನ್ಸಿನವರ ಅಪ್ರೂವಲ್ಲಿಗೆ ಬಿಟ್ಟದ್ದು.

ದೇವದತ್ತ ಕೊನೆಗೆ 4 ಕೋಟಿ 37 ಲಕ್ಷವನ್ನು ಒಪ್ಪಿ ಸಹಿ ಹಾಕಿದ. ಪೆನ್ನು ಮುಚ್ಚುತ್ತಾ, "ಆದ್ರೂ ಆ ಸ್ಪೀಡೋಮೀಟರ್ ಒಂದು ಹಾಗೇ ಇಟ್ಬಿಡಿ, ಎಂಡಿಗೆ ಇಷ್ಟ" ಎಂದ. ಶಾಸ್ತ್ರ ಇದಕ್ಕೆ ಅನುಮತಿ ಕೊಡುತ್ತದೆ. ಲೆಕ್ಕ ಹೊರಗಿದೆಯಲ್ಲ, ಇನ್ನು ಮುಳ್ಳು ಬೇಕಾದರೆ ಹಿಂದುಮುಂದಾಗಿ ತಿರುಗಲಿ.