ಬೇಲಿಯ ಮೇಲಿನ ದಾಯಾದಿ

ನಮ್ಮ ಬಡಾವಣೆಯಲ್ಲಿ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಸಿಕ್ಕಿದ ಖಾಲಿ ಸೈಟೊಂದಿದೆ. ಕೋರ್ಟು ಯಾರ ಪಾಲಿಗೆ ಬರೆಯುತ್ತದೋ, ಸದ್ಯ ಅನುಭೋಗದಲ್ಲಿರುವುದು ಕುಕ್ಕಿಬಳ್ಳಿ. ತಂತಿಬೇಲಿಯನ್ನು ಪೂರ್ತಿ ಹೊದ್ದು, ಈಗ ಕರೆಂಟು ಕಂಬಕ್ಕೂ ಕೈ ಚಾಚಿದೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿರಾಕಿ. ಖಾತೆ, ಕಂದಾಯ ಯಾವುದರ ಗೊಡವೆಯೂ ಇಲ್ಲದೆ ನಮ್ಮ ಬೇಲಿಗಳಲ್ಲಿ ಬೇರೂರಿದೆ.

ಎಲೆ ಹೊಸಕಿದರೆ ಮೂಗು ಮುಚ್ಚಿಕೊಳ್ಳಬೇಕು. ಹೂವು ಮಾತ್ರ ಚೆಂದ, ಬಿಳಿ ಎಸಳಿನ ನಡುವೆ ನೇರಳೆ ಎಳೆಗಳ ಸುತ್ತು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವುದರಿಂದ ತಡವಾಗಿ ಏಳುವವರಿಗೆ ದರ್ಶನವಿಲ್ಲ.

ಹಣ್ಣಿನ ಕಾವಲಂತೂ ಕೇಳಬೇಡಿ. ಅದು ಕೂತಿರುವುದು ಎಳೆಎಳೆಯಾದ ಹಸಿರು ಬಲೆಯೊಳಗೆ, ಆ ಎಳೆಗಳ ತುದಿತುದಿಗೂ ಅಂಟು. ಕೊರೆಯಲು ಬಂದ ಸಣ್ಣ ಹುಳ ಅಲ್ಲೇ ಸೆರೆ. 1995ರಲ್ಲಿ ಬೆಂಗಳೂರಿನಿಂದ ಹೊರಡುವ 'ಜರ್ನಲ್ ಆಫ್ ಬಯೋಸೈನ್ಸಸ್'ನಲ್ಲಿ ಬಂದ ಲೇಖನವೊಂದು, ಈ ಬಲೆ ಹುಳವನ್ನು ಹಿಡಿದು ಸುಮ್ಮನಿರುವುದಿಲ್ಲ, ಅರಗಿಸಿಕೊಳ್ಳುತ್ತದೆ ಕೂಡ ಎಂದಿತು. ಮಾಂಸಾಹಾರಿ ಬಳ್ಳಿಯ ಹಣ್ಣು ಏಕಾದಶಿಗೆ ಬರುತ್ತದೋ ಇಲ್ಲವೋ, ಪಂಚಾಂಗದವರೇ ಹೇಳಬೇಕು.

ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ನಿವೃತ್ತ ಮೇಷ್ಟ್ರು ಈರುಳ್ಳಿಯನ್ನೂ ಮುಟ್ಟದವರು. ನಾನು ಬೇಲಿಗೆ ಕೈ ಹಾಕಿದರೆ, "ಏನ್ರೀ ಇದು, ಮೊಮ್ಮಕ್ಕಳ ಚಾಳಿ! ನೋಡಿದವರು ಏನಂದಾರು?" ಎನ್ನುತ್ತಾರೆ. ಇದೇ ಕುಲದ ಪ್ಯಾಷನ್ ಫ್ರೂಟು ಮಾಲಿನಲ್ಲಿ ಡಬ್ಬಿಯೊಳಗೆ ಕೂತಿದ್ದರೆ ಅಥವಾ ಮಡಿಕೇರಿಯಲ್ಲಿ ಷರಬತ್ತಾಗಿ ಬಾಟಲಿಗೆ ಇಳಿದಿದ್ದರೆ ಅವರೂ ಮರುಮಾತಿಲ್ಲದೆ ದುಡ್ಡು ಎಣಿಸುತ್ತಾರೆ. ಕೊಂಡರೆ ಹಣ್ಣು, ಬಿಟ್ಟಿ ಸಿಕ್ಕರೆ ಕಳೆ; ನಮ್ಮ ಬಡಾವಣೆಯ ಸಸ್ಯಶಾಸ್ತ್ರ ಇಷ್ಟೇ. ಹಾಗೆಂದು ಮೇಷ್ಟ್ರ ಆಸೆ ಸತ್ತಿರಲಿಲ್ಲ. ಬೀದಿ ಖಾಲಿಯಿದ್ದ ಒಂದು ದಿನ ಎಡಬಲ ನೋಡಿ ಒಂದನ್ನು ಬಾಯಿಗೆ ಹಾಕಿಕೊಂಡೇಬಿಟ್ಟರು. "ಪರವಾಗಿಲ್ಲ ಕಣ್ರೀ, ಸಾತ್ವಿಕವಾಗಿದೆ" ಎಂದರು. ಹುಳದ ಸುದ್ದಿ ನಾನು ಎತ್ತಲಿಲ್ಲ.

ಬಲೆ ಬಿಡಿಸಿದರೆ ಸಿಗುವುದು ಗೋಲಿಯಷ್ಟು ಹಳದಿ ಹಣ್ಣು. ತೆಳು ಸಿಪ್ಪೆ ಒಡೆದರೆ ಲೋಳೆ ಹೊದ್ದ ಕಪ್ಪು ಬೀಜಗಳು. ಸಿಹಿ ಇದೆ, ನಿಜ. ಸಿಹಿಯೆಂದು ನಾಲಿಗೆ ತೀರ್ಮಾನಿಸುವಷ್ಟರಲ್ಲಿ ಹಣ್ಣು ಮುಗಿದಿರುತ್ತದೆ. ಬೆರಳಿನ ಅಂಟು ಮಾತ್ರ ಮನೆತನಕ ಬರುತ್ತದೆ.

ನಿಮ್ಮ ಬೀದಿಯ ಬೇಲಿಯಲ್ಲೂ ಇದ್ದೀತು, ನೋಡಿ. ಹಸಿರು ಕಾಯಿ ಬೇಡ, ಅದರಲ್ಲಿ ಸೈನೈಡ್ ಹುಟ್ಟಿಸುವ ಅಂಶವಿದೆ. ಚೆನ್ನಾಗಿ ಹಳದಿಗೆ ತಿರುಗಿದ್ದನ್ನೇ ಕೀಳಿ. ಅದರಲ್ಲೂ ಬೀದಿನಾಯಿ ಕಾಲೆತ್ತುವ ಮಟ್ಟಕ್ಕಿಂತ ಮೇಲಿರುವುದನ್ನು.