ಕೂತು ಉಣ್ಣುವ ಕಷ್ಟ

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ಗಾದೆ ಕಟ್ಟಿದವರು ಹೊನ್ನಿನ ಲೆಕ್ಕ ಮಾತ್ರ ನೋಡಿದರು, ಕೂರುವ ಲೆಕ್ಕ ನೋಡಲಿಲ್ಲ. ಹೊನ್ನನ್ನು ಹೇಗಾದರೂ ಹೊಂದಿಸಬಹುದು. ನಮ್ಮ ವಿಷಯದಲ್ಲಿ ನ್ಯೂಜೆರ್ಸಿಯ ಮಗಳು ಅಳಿಯ ಹೊಂದಿಸಿದರು. ಆದರೆ ಕಣ್ಣೆದುರು ಇಬ್ಬರು ಬೆವರು ಸುರಿಸಿ ದುಡಿಯುತ್ತಿರುವಾಗ ಕಾಲ ಮೇಲೆ ಕಾಲು ಹಾಕಿ ಕೂರುವುದಿದೆಯಲ್ಲ, ಅದಕ್ಕೆ ಹುಟ್ಟಿನಿಂದಲೇ ಅಭ್ಯಾಸ ಬೇಕು. ರಾಜಮಹಾರಾಜರಿಗೆ ಇತ್ತು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕೂತೇ ಸಂಬಳ ಎಣಿಸಿದವನಿಗೂ ಇರಬೇಕಿತ್ತು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳು ಅಂತ ಇವೆ. ಆಳುವುದು ಬ್ರಿಟನ್ನಿನ ಹೆಸರಿನಲ್ಲಿ, ಚಲಾವಣೆ ಅಮೆರಿಕದ ಡಾಲರು. ಗಾಡಿ ಓಡುವುದು ನಮ್ಮ ಹಾಗೆ ರಸ್ತೆಯ ಎಡಕ್ಕೆ, ಆದರೆ ಕಾರುಗಳು ಹೆಚ್ಚಾಗಿ ಅಮೆರಿಕದಿಂದ ಬಂದವಾದ್ದರಿಂದ ಸ್ಟೀರಿಂಗೂ ಎಡಕ್ಕೇ. ಹೀಗಾಗಿ ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ಎದುರಿಗೆ ಬರುವ ಗಾಡಿ ಡ್ರೈವರಿಗಿಂತ ಮೊದಲು ಪಕ್ಕದಲ್ಲಿ ಕೂತವನಿಗೆ ಕಾಣುತ್ತದೆ, ಮತ್ತು ಅಲ್ಲಿ ಕೂತವನು ನಾನಾಗಿದ್ದೆ. ಆ ಪ್ರಯಾಣದ ನಂತರ ಸಮುದ್ರ ನನಗೆ ಬಹಳ ಕ್ಷೇಮ ಎನ್ನಿಸಿತು. ರೋಡ್ ಟೌನ್ ಎಂಬ ಊರಿನ ಮರೀನಾದಲ್ಲಿ ನಮ್ಮ ಕ್ಯಾಟಮರಾನ್ ಕಾಯುತ್ತಿತ್ತು. ಹಾಯಿದೋಣಿ, ಅದರ ಜೊತೆಗೆ ಒಬ್ಬ ಕ್ಯಾಪ್ಟನ್, ಒಬ್ಬಳು ಅಡುಗೆಯವಳು. ಇಬ್ಬರೂ ಗಂಡ ಹೆಂಡತಿ, ದಕ್ಷಿಣ ಆಫ್ರಿಕಾದವರು. ಒಂದು ವಾರ ಅವರು ದುಡಿಯಬೇಕು, ನಾವು ಉಣ್ಣಬೇಕು, ಇದು ಕರಾರು.

ಇಷ್ಟೇ ಆಗಿದ್ದರೆ ನಿಭಾಯಿಸುತ್ತಿದ್ದೆವು. ಆದರೆ ಅಳಿಯಂದಿರು ತಮ್ಮ ತಂದೆತಾಯಿಯನ್ನೂ ಕರೆಸಿದ್ದರು. ಧಾರವಾಡದ ಬೀಗರು. ಮದುವೆಯಾದಾಗಿನಿಂದ ನಮಗೂ ಅವರಿಗೂ ವರ್ಷಕ್ಕೊಮ್ಮೆ ಪೇಡಾ ಮೈಸೂರುಪಾಕುಗಳ ವಿನಿಮಯವಿತ್ತು, ಅದು ಆ ಅಂತರದಲ್ಲಿ ಬಹಳ ಚೆನ್ನಾಗಿಯೇ ನಡೆದಿತ್ತು. ಈಗ 50 ಅಡಿ ಉದ್ದದ ದೋಣಿಯಲ್ಲಿ, ಸುತ್ತ ನೀರು, ಇಳಿದು ಹೋಗಲು ಜಾಗವಿಲ್ಲ. ಕ್ಯಾಟಮರಾನ್ ಎಂದರೆ ಎರಡು ಉದ್ದನೆಯ ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಅವೆರಡರ ಮೇಲೆ ಒಂದು ಹಜಾರ ಕೂರಿಸಿದ್ದು. ಮಲಗುವ ಕೋಣೆಗಳು ಕೆಳಗೆ, ಎರಡೂ ದೋಣಿಗಳ ಹೊಟ್ಟೆಯಲ್ಲಿ. ಕ್ಯಾಪ್ಟನ್ ಪಾಪ ಯಾವ ದುರುದ್ದೇಶವೂ ಇಲ್ಲದೆ ಬಲದೋಣಿಗೆ ಅವರ ಸೂಟ್‌ಕೇಸ್ ಇಳಿಸಿದ, ಎಡದೋಣಿಗೆ ನಮ್ಮದು. ಗಂಡಿನ ಕಡೆ ಒಂದು ದೋಣಿ, ಹೆಣ್ಣಿನ ಕಡೆ ಇನ್ನೊಂದು. ಕಲ್ಯಾಣಮಂಟಪದವರಿಗೂ ಇಷ್ಟು ಶಿಸ್ತಾಗಿ ಏರ್ಪಾಡು ಮಾಡಲು ಬರುವುದಿಲ್ಲ.

ಸೂಟ್‌ಕೇಸುಗಳಲ್ಲಿ ಇದ್ದದ್ದು ಬಟ್ಟೆ ಎಂದು ಅವನು ತಿಳಿದಿದ್ದ. ನಮ್ಮದರಲ್ಲಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ. ಅವರದರಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಟಕ್ ರೊಟ್ಟಿಯ ಒಂದು ಅಟ್ಟಿ. ತಿಂಗಳ ಮುಂಚೆಯೇ ದೋಣಿಯವರಿಂದ ಒಂದು ಫಾರಂ ಬಂದಿತ್ತು. ಗೃಹಸಾಲಕ್ಕೂ ನಾನು ಅಷ್ಟುದ್ದದ ಫಾರಂ ತುಂಬಿಸಿಕೊಂಡವನಲ್ಲ. ಮೊಟ್ಟೆ ಹೇಗೆ ಬೇಯಬೇಕು, ಮಾಂಸ ಎಷ್ಟು ಬೇಯಬೇಕು, ರಮ್ ಯಾವ ಬ್ರಾಂಡು. ಅಳಿಯಂದಿರು ಎಲ್ಲದಕ್ಕೂ ಅಡ್ಡಗೆರೆ ಎಳೆದು ‘ಸಸ್ಯಾಹಾರಿಗಳು’ ಎಂದು ಮುಗಿಸಿದ್ದರು. ‘ಅಷ್ಟೇ ಬರೆದರೆ ಸಾಕಾ? ಮೀನನ್ನ ನೀರಿನ ತರಕಾರಿ ಅಂದ್ಕೊಂಡಿದ್ದರೆ?’ ಎಂದು ನನ್ನವಳು ಮಗಳ ಕೈಯಲ್ಲಿ ಇನ್ನೊಂದು ಪುಟ ಬರೆಸಿದಳು. ಆ ವಾರ ಏಕಾದಶಿ ಯಾವತ್ತು ಎಂಬುದೂ ಅದರಲ್ಲಿತ್ತು.

ಆ ಪುಟವನ್ನು ಅಡುಗೆಯ ಹುಡುಗಿ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಳು. ಮೊದಲ ರಾತ್ರಿಯೇ ಅವಳು ಒಂದು ಡಬ್ಬಿ ತೆಗೆದಳು. ಸಾಸಿವೆ, ಜೀರಿಗೆ, ಒಣಗಿಸಿದ ಕರಿಬೇವು. ಚಟಪಟ ಒಗ್ಗರಣೆ ಹಾಕಿ ಬೇಳೆಯ ಮೇಲೆ ಸುರಿದಳು. ಅವಳ ಊರು ಡರ್ಬನ್. 1860ರಲ್ಲಿ ಟ್ರೂರೋ ಎಂಬ ಹಡಗು ಮದರಾಸಿನಿಂದ ಕಬ್ಬಿನ ಗದ್ದೆಗೆ ಕೂಲಿಗಳನ್ನು ಹೊತ್ತು ಹೋಗಿ ಇಳಿಸಿದ ಊರು. ಬಿಳಿ ಹುಡುಗಿಯಾದರೂ ಪಕ್ಕದ ಮನೆಯ ಅಜ್ಜಿಯ ಅಡುಗೆ ತಿಂದು ಬೆಳೆದವಳು. ನನ್ನ ಹೆಂಡತಿ ತುತ್ತು ಬಾಯಿಗಿಟ್ಟಳು. ಚೆನ್ನಾಗಿತ್ತು. ಆ ಮುಖದಲ್ಲಿ ಅಂಥ ನಿರಾಸೆಯನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ. ಅಷ್ಟು ದೂರದಿಂದ ಹೊತ್ತು ತಂದ ಪುಡಿಗಳಿಗೆ ಕೆಲಸವೇ ಇಲ್ಲ!

ಪುಡಿಗಿಲ್ಲದಿದ್ದರೆ ಹೋಗಲಿ, ಕೈಗಾದರೂ ಕೆಲಸ ಬೇಡವೇ? ಊಟವಾದ ತಕ್ಷಣ ತಟ್ಟೆ ಎತ್ತಲು ಹುಡುಗಿ ಬರುತ್ತಾಳೆ. ನನ್ನವಳು ಅದಕ್ಕಿಂತ ಮುಂಚೆ ತಟ್ಟೆ ಹಿಡಿದು ಎದ್ದಿರುತ್ತಾಳೆ. ಅವಳು ಏಳುವುದನ್ನು ನೋಡಿ ಬೀಗಿತ್ತಿ ಏಳುತ್ತಾರೆ; ಹೆಣ್ಣಿನ ಕಡೆಯವರು ತಟ್ಟೆ ತೊಳೆಯುವಾಗ ತಾವು ಕೂತಿದ್ದರು ಎಂಬ ಮಾತು ಧಾರವಾಡದವರೆಗೆ ಹೋಗಬಾರದಲ್ಲ. ‘ನೀವ ಕೂಡ್ರಿ, ನಾ ತೊಳೀತೇನಿ.’ ‘ಛೆ ಛೆ, ಎಲ್ಲಾದರೂ ಉಂಟೇ, ನೀವು ಕೂತ್ಕೊಳ್ಳಿ.’ ಒಂದೇ ತಟ್ಟೆಯನ್ನು ಮೂರು ಕೈ ಎಳೆಯುತ್ತಿದ್ದವು. ಬೆಳಿಗ್ಗೆ ನೋಡಿದರೆ ಹಾಸಿಗೆಗಳೆಲ್ಲ ಮಡಚಿ, ಬಚ್ಚಲು ತಿಕ್ಕಿ ಆಗಿದೆ. ಹುಡುಗಿ ಮಗಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು, ‘ನನ್ನ ಕೆಲಸದಲ್ಲಿ ಏನಾದರೂ ಲೋಪ ಕಂಡಿತೇ?’

ಬಚ್ಚಲಿನ ಮಾತು ಬಂತು, ಹೇಳಿಬಿಡುತ್ತೇನೆ. ದೋಣಿ ಹತ್ತಿದೊಡನೆ ಕ್ಯಾಪ್ಟನ್ ಎಲ್ಲರನ್ನೂ ಕೂರಿಸಿ ಪಾಯಿಖಾನೆಯ ಕುರಿತು ಪ್ರವಚನ ಮಾಡಿದ. ಬಾಯಿಂದ ಒಳಗೆ ಹೋಗಿ ಬಂದದ್ದನ್ನು ಬಿಟ್ಟು ಬೇರೇನನ್ನೂ ಅದರೊಳಗೆ ಹಾಕಬಾರದು. ಕಾಗದವನ್ನಂತೂ ಕೂಡದು, ಕೊಳವೆ ಕಟ್ಟಿಕೊಂಡರೆ ಬಿಚ್ಚಿ ತೆಗೆಯುವವನು ತಾನೇ. ಬಂದವರೆಲ್ಲ ಈ ಮಾತಿಗೆ ಮುಖ ಕಿವುಚುತ್ತಾರಂತೆ. ಎರಡೂ ದೋಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮ್ಮ ತಮ್ಮ ಸೂಟ್‌ಕೇಸಿನಿಂದ ಪ್ಲಾಸ್ಟಿಕ್ ಚೊಂಬು ಹೊರತೆಗೆದರು. ‘ಕಾಗದ ಯಾರಿಗೆ ಬೇಕು?’ ವಾರದ ಕೊನೆಗೆ ಕ್ಯಾಪ್ಟನ್ ನನ್ನ ಕೈಕುಲುಕಿ, ಇಷ್ಟು ಒಳ್ಳೆಯ ಅತಿಥಿಗಳನ್ನು ತಾನು ಕಂಡಿಲ್ಲ ಎಂದ. ನಮ್ಮ ಸಂಸ್ಕೃತಿಗೆ ಹೊರದೇಶದಲ್ಲಿ ಬಹಳ ಬಗೆಯ ಪ್ರಶಂಸೆ ಸಿಕ್ಕಿದೆ. ಈ ದಿಕ್ಕಿನಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಗಂಡಸರ ಪಾಡೂ ಅಷ್ಟಕ್ಕಷ್ಟೇ. ಬೀಗರು ಕೆಇಬಿಯಲ್ಲಿ ಎಂಜಿನಿಯರಾಗಿದ್ದವರು. ಅವರಿಗೆ ಜನರೇಟರ್ ಸಿಕ್ಕಿತು, ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಯಂತ್ರ ಸಿಕ್ಕಿತು. ಉಪ್ಪುನೀರನ್ನು ಚದರಿಂಚಿಗೆ ಸುಮಾರು 800 ಪೌಂಡ್ ಒತ್ತಡದಲ್ಲಿ ತೆಳು ಪೊರೆಯ ಮೂಲಕ ನುಗ್ಗಿಸಿದರೆ ಉಪ್ಪು ಆಚೆಗೇ ಉಳಿದು ಸಿಹಿನೀರು ಈಚೆ ಬರುತ್ತದೆ. ಬೀಗರು ಅದರ ಎದುರು ಕುಕ್ಕರಗಾಲಲ್ಲಿ ಕೂತು, ‘ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಇಂಥಾದ್ದ ಬೇಕಾಗಿತ್ತು ನೋಡ್ರಿ’ ಎಂದರು.

‘ಅಲ್ಲಿ ಸಮುದ್ರ ಎಲ್ಲಿದೆ ಬೀಗರೇ?’

‘ಅದೊಂದ ಕೊರತಿ ಐತ್ರಿ.’

ನನಗೆ ಯಾವ ಯಂತ್ರವೂ ದಕ್ಕಲಿಲ್ಲ. ಹಾಯಿ ಏರಿಸಲು ಹಗ್ಗ ಜಗ್ಗಬೇಕು, ‘ಐಸಾ’ ಎನ್ನಬೇಕು ಎಂದುಕೊಂಡಿದ್ದೆ. ಗುಂಡಿ ಒತ್ತಿದರೆ ವಿದ್ಯುತ್ ರಾಟೆ ಗರ್ರೆಂದು ಹಾಯಿಯನ್ನು ಮೇಲಕ್ಕೆಳೆಯುತ್ತದೆ. ಚಳಿಗಾಲದಲ್ಲಿ ಅಲ್ಲಿ ಗಾಳಿ ಹೆಚ್ಚುಕಡಿಮೆ ದಿನವೂ ಪೂರ್ವದಿಂದಲೇ ಬೀಸುತ್ತದೆ. ಎರಡೂ ಬದಿಗೆ ದ್ವೀಪಗಳಿದ್ದು ನಡುವಿನ ಡ್ರೇಕ್ ಕಾಲುವೆಯಲ್ಲಿ ದೊಡ್ಡ ತೆರೆಗಳೂ ಏಳುವುದಿಲ್ಲ. ಒಂದು ದ್ವೀಪ ಬಿಡುವಾಗಲೇ ಮುಂದಿನದು ಕಾಣುತ್ತಿರುತ್ತದೆ. ನಾನು ಸುಮ್ಮನೆ ಕ್ಯಾಪ್ಟನ್ನಿನ ಹಿಂದೆ ಮುಂದೆ ಸುಳಿದಾಡಿದೆ. ಅವನಿಗೆ ಏನನ್ನಿಸಿತೋ, ಒಂದು ಹಗ್ಗದ ತುದಿಯನ್ನು ಗಂಭೀರವಾಗಿ ನನ್ನ ಕೈಗಿತ್ತು, ‘ನಾನು ಹೇಳುವವರೆಗೆ ಬಿಡಬೇಡಿ ಸರ್’ ಎಂದ. ಅಂಗೈ ಕೆಂಪಾಗುವವರೆಗೆ ಹಿಡಿದುಕೊಂಡಿದ್ದೆ. ಜವಾಬ್ದಾರಿಯ ಸುಖವೇ ಬೇರೆ. ಕೊನೆಗೆ ನನ್ನ ಹೆಂಡತಿ, ‘ರೀ, ಇದರ ಆ ತುದಿ ಇಲ್ಲೇ ಬಿದ್ದಿದೆಯಲ್ರೀ, ಯಾವುದಕ್ಕೂ ಕಟ್ಟೇ ಇಲ್ಲ’ ಎಂದಳು. ಬೀಗರ ಎದುರಿಗೆ.

ಯೋಸ್ಟ್ ವಾನ್ ಡೈಕ್ ಎಂಬ ದ್ವೀಪದ ಬಿಳಿ ಮರಳಿನ ದಂಡೆಯಲ್ಲಿ ಪೇನ್ ಕಿಲ್ಲರ್ ಎಂಬ ಪಾನೀಯ ಹುಟ್ಟಿತಂತೆ. ರಮ್ಮಿಗೆ ಅನಾನಸ್ ರಸ, ಕಿತ್ತಳೆ ರಸ, ಗಟ್ಟಿ ತೆಂಗಿನಹಾಲು, ಮೇಲೆ ತುರಿದ ಜಾಯಿಕಾಯಿ. ಬೀಗರೂ ನಾನೂ ಪರಸ್ಪರರ ಎದುರು ಮದ್ಯ ಮುಟ್ಟದವರು. ಹೆಸರು ಕೇಳಿ ಬೀಗರು ಮೊಣಕಾಲು ಸವರಿಕೊಂಡರು. ನನಗೂ ಸೊಂಟದಲ್ಲಿ ಚಳುಕು ನೆನಪಾಯಿತು. ಜಾಯಿಕಾಯಿ ಇದ್ದ ಮೇಲೆ ಔಷಧವಲ್ಲದೆ ಮತ್ತೇನು? ಎರಡನೆಯ ಲೋಟದ ನಂತರ ನಾನು ಕೌಂಟರಿನ ಹುಡುಗನಿಗೆ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನಲ್ಲಿ ಭಾರತ 403 ಬೆನ್ನಟ್ಟಿ ಗೆದ್ದದ್ದನ್ನೂ, ನಮ್ಮ ವಿಶ್ವನಾಥರ 112 ರನ್ನನ್ನೂ, ಒಂದೊಂದು ಸ್ಕ್ವೇರ್ ಕಟ್ಟನ್ನೂ ಕೈಸನ್ನೆಯಲ್ಲಿ ವಿವರಿಸಿದೆ. ಅವನು ಪೂರ್ತಿ ಕೇಳಿ, ತಾನು ಬಾಸ್ಕೆಟ್‌ಬಾಲ್ ಆಡುತ್ತೇನೆ ಎಂದ.

ಉಪ್ಪಿನ ದ್ವೀಪ ಎಂಬ ಪುಟ್ಟ ದ್ವೀಪದ ಪಕ್ಕ ಹಾದೆವು. 1867ರ ಅಕ್ಟೋಬರಿನಲ್ಲಿ ರೋನ್ ಎಂಬ ಅಂಚೆ ಹಡಗು ಚಂಡಮಾರುತಕ್ಕೆ ಸಿಕ್ಕಿ ಇದರ ಬಂಡೆಗೆ ಬಡಿದು ಒಡೆದದ್ದು ಇಲ್ಲೇ. ಅಲ್ಲಿನ ಕೊಳಗಳಲ್ಲಿ ಉಪ್ಪು ತಾನಾಗಿ ಕೆನೆಗಟ್ಟುತ್ತದೆ. ದ್ವೀಪದವರು ಬ್ರಿಟನ್ನಿನ ದೊರೆಗೆ ವರ್ಷಕ್ಕೊಂದು ಚೀಲ ಉಪ್ಪನ್ನೇ ಗೇಣಿಯಾಗಿ ಕೊಡುತ್ತಿದ್ದರಂತೆ. 1930ರಲ್ಲಿ ಅಂಕೋಲೆಯವರು ಉಪ್ಪು ಮಾಡಿದ್ದಕ್ಕೆ ಅದೇ ಕಿರೀಟದವರು ಹಿಡಿದು ಜೈಲಿಗೆ ಹಾಕಿದರು. ಸಮುದ್ರ ಅದೇ ಉಪ್ಪು, ದೊರೆತನದ ರುಚಿ ಮಾತ್ರ ಊರಿಗೊಂದು. ಈ ದ್ವೀಪಗಳಲ್ಲಿ ಕೂತು ಉಂಡವರ ಚರಿತ್ರೆಯೂ ಸಣ್ಣದಲ್ಲ. ಟಾರ್ಟೋಲಾದ ಗುಡ್ಡಗಳ ಮೇಲೆ ಆಫ್ರಿಕಾದಿಂದ ಹಿಡಿದು ತಂದ ಜನರು ಕಬ್ಬು ಕಡಿದರು, ಸಕ್ಕರೆ ಮತ್ತಾರದೋ ಚಹಾಕ್ಕೆ ಹೋಯಿತು. 1834ರ ಆಗಸ್ಟ್ ಒಂದರಂದು ಅವರ ಬಿಡುಗಡೆಯಾಯಿತು. ಇಂದಿಗೂ ಆಗಸ್ಟ್ ಬಂತೆಂದರೆ ಊರೆಲ್ಲ ರಜೆ ಹಾಕಿ ಮೆರವಣಿಗೆ ಹೊರಡುತ್ತದೆ. ಯಾರು ಎಷ್ಟು ಹೊತ್ತು ಕೂರಬಹುದು ಎಂಬುದನ್ನು ಇವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಒಂದು ಬೆಳಗಿನ ಜಾವ ನನ್ನವಳು ಓಡಿಬಂದು ನನ್ನನ್ನು ಎಬ್ಬಿಸಿದಳು. ‘ರೀ, ಆ ಹುಡುಗಿ ನೆಲದೊಳಗಿಂದ ಎದ್ದು ಬಂದಳು!’ ದೋಣಿಯ ಮೂತಿಯ ಹತ್ತಿರ ಒಂದು ಚೌಕ ಮುಚ್ಚಳ. ಅದನ್ನೆತ್ತಿ ಏಣಿ ಇಳಿದರೆ ಮಗ್ಗುಲು ಬದಲಿಸಲು ಜಾಗ ಸಾಲದ ಹಾಸಿಗೆ, ತಲೆಯ ಹತ್ತಿರ ಅಂಗೈಯಗಲದ ಫ್ಯಾನು, ಕೊಕ್ಕೆಗೆ ನೇತುಹಾಕಿದ ಎರಡು ಸಮವಸ್ತ್ರ. ಕ್ಯಾಪ್ಟನ್ ಇಳಿಯುವ ಬಿಲ ಇನ್ನೊಂದು ಮೂತಿಯಲ್ಲಿ. ಗಂಡಹೆಂಡತಿ ಬೇರೆ ಬೇರೆ ದೋಣಿಯಲ್ಲಿ! ನಮಗೆಲ್ಲ ಬಚ್ಚಲು ಸಮೇತ ಕೋಣೆ. ವಿಷಯ ಬಲದೋಣಿಗೆ ಮುಟ್ಟಿದ್ದೇ ತಡ, ಬೀಗಿತ್ತಿ ಸೆರಗು ಸಿಕ್ಕಿಸಿ ಮೇಲೆ ಬಂದರು. ಮದುವೆಯ ಮಾತುಕತೆಯಲ್ಲೂ ಆಗದ ಒಮ್ಮತ ಅಲ್ಲಿ ಐದು ನಿಮಿಷದಲ್ಲಾಯಿತು. ನಾವು ಹಿರಿಯರು ಮುಂಭಾಗದ ಬಲೆಯ ಮೇಲೆ ಮಲಗುವುದು, ಮಕ್ಕಳಿಬ್ಬರು ಒಂದು ಕೋಣೆ ತೆಗೆದುಕೊಳ್ಳುವುದು. ‘ಮಕ್ಕಳಿಬ್ಬರು’ ಎಂದರೆ ಕ್ಯಾಪ್ಟನ್ ಮತ್ತು ಅವನ ಹೆಂಡತಿ. ಕ್ಯಾಪ್ಟನ್ ಗಾಬರಿಬಿದ್ದು, ಹಾಗೇನಾದರೂ ಮಾಡಿದರೆ ತನ್ನ ಕೆಲಸ ಹೋಗುತ್ತದೆ ಎಂದು ಕೈಮುಗಿದ. ಕೈಮುಗಿಯುವುದನ್ನು ಅವನಿಗೆ ಜೊತೆಗಿದ್ದ ನಮ್ಮ ಮೊಮ್ಮಗಳು ಕಲಿಸಿದ್ದಳು.

ಅನೆಗಡಾ ದ್ವೀಪದಲ್ಲಿ ವಿಷಯ ಇತ್ಯರ್ಥವಾಯಿತು. ಉಳಿದ ದ್ವೀಪಗಳು ಗುಡ್ಡಗಳು. ಇದು ಮಾತ್ರ ಹವಳದ ಸುಣ್ಣಕಲ್ಲಿನ ಚಪ್ಪಟೆ ನೆಲ, ಅತ್ಯಂತ ಎತ್ತರದ ಜಾಗವೇ ಸಮುದ್ರಮಟ್ಟದಿಂದ ಸುಮಾರು 28 ಅಡಿ. ದೂರದಿಂದ ಮೊದಲು ಮರದ ತಲೆಗಳು ಕಾಣುತ್ತವೆ, ಆಮೇಲೆ ನೆಲ. ಊರು ಸಿಗಡಿಯ ಅಣ್ಣನಂಥ ಲಾಬ್‌ಸ್ಟರಿಗೆ ಪ್ರಸಿದ್ಧ. ದಂಡೆಯಲ್ಲಿ ಡ್ರಮ್ಮುಗಳನ್ನು ಸೀಳಿ ಕೆಂಡ ಹಾಕಿ ಸುಡುತ್ತಾರೆ. ನಮಗೆ ದೋಣಿಯಲ್ಲೇ ಫುಂಜಿ ಮಾಡುತ್ತೇನೆ ಎಂದಳು ಹುಡುಗಿ. ದ್ವೀಪದವರ ಮನೆಯೂಟ ಅದು: ಕುದಿಯುವ ನೀರಿಗೆ ಬೆಂಡೆಕಾಯಿ ಹಾಕಿ, ಮೆಕ್ಕೆಜೋಳದ ಹಿಟ್ಟು ಸುರಿದು ಕೋಲಿನಿಂದ ತಿರುವುವುದು. ಡರ್ಬನ್ನಿನವಳಿಗೆ ಒಗ್ಗರಣೆ ಗೊತ್ತು, ಇದು ಹೊಸದು. ಹಿಟ್ಟು ಗಂಟುಗಂಟಾಯಿತು. ಮುದ್ದೆ ಗಂಟಾಗುವುದನ್ನು ನೋಡಿಕೊಂಡು ಸುಮ್ಮನೆ ಕೂರುವ ಹೆಂಗಸು ಹಾಸನ ಜಿಲ್ಲೆಯಲ್ಲಿ ಹುಟ್ಟಿಲ್ಲ. ನನ್ನವಳು ಎದ್ದಳು. ಪಾತ್ರೆಯನ್ನು ಎರಡು ಪಾದಗಳ ನಡುವೆ ನೆಲಕ್ಕೊತ್ತಿ, ಮರದ ಸೌಟಿನ ಹಿಡಿಯನ್ನು ತಲೆಕೆಳಗು ಮಾಡಿ, ಉಸಿರು ಬಿಗಿಹಿಡಿದು ತೊಳಸಿದಳು. ರೊಟ್ಟಿಯ ಸೀಮೆಯ ಬೀಗಿತ್ತಿ ಪಕ್ಕದಲ್ಲಿ ನಿಂತು ಪಾತ್ರೆ ಹಿಡಿದರು. ಹುಡುಗಿಯನ್ನೂ ಅವಳ ಗಂಡನನ್ನೂ ಕೂರಿಸಿ, ನೀರದ್ದಿದ ಅಂಗೈಯಲ್ಲಿ ಉಂಡೆ ಕಟ್ಟಿ, ಒಬ್ಬರು ಹುಳಿ ಬಡಿಸಿದರೆ ಇನ್ನೊಬ್ಬರು ಶೇಂಗಾ ಹಿಂಡಿ ಹಾಕಿದರು. ಕ್ಯಾಪ್ಟನ್ ಏಳಲು ಹೊರಟಾಗಲೆಲ್ಲ ಇಬ್ಬರೂ ಒಟ್ಟಿಗೆ ‘ಕೂತ್ಕೋಪ್ಪ’, ‘ಕೂಡಪ್ಪಾ’ ಎಂದು ಗದರಿದರು. ಅವನು ಕೂತಿದ್ದ ರೀತಿ ನೋಡಿ ನನಗೆ ಸಮಾಧಾನವಾಯಿತು. ಅವನಿಗೂ ಕೂರಲು ಬರುತ್ತಿರಲಿಲ್ಲ.

ಕೊನೆಯ ದಿನ ಲಕೋಟೆಯ ವಿಚಾರ. ಬಾಡಿಗೆಯ ಶೇಕಡಾ 15ರಿಂದ 20ರಷ್ಟನ್ನು ನಗದಾಗಿ ಇನಾಮು ಕೊಡುವುದು ಅಲ್ಲಿನ ವಾಡಿಕೆ. ಅಳಿಯಂದಿರು ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದರು. ‘ಮಕ್ಕಳ ಸಮಾನ ಇರೋರಿಗೆ ಪರ್ಸೆಂಟೇಜಿನಲ್ಲಿ ಕೊಡ್ತಾರೇನ್ರೀ?’ ಎಂದು ನನ್ನವಳು ಆಕ್ಷೇಪಿಸಿದಳು. ಪೂರ್ತಿ ಇಪ್ಪತ್ತೇ ಎಂದು ತೀರ್ಮಾನವಾದ ಮೇಲೂ ಅವಳಿಗೆ ತೃಪ್ತಿಯಿಲ್ಲ. ಮೊತ್ತ ದುಂಡಗೆ ಸೊನ್ನೆಯಲ್ಲಿ ಮುಗಿಯುತ್ತಿತ್ತು. ಬೀಗಿತ್ತಿ ಮಾತಿಲ್ಲದೆ ತಮ್ಮ ಪರ್ಸಿನಿಂದ ಒಂದು ಡಾಲರ್ ತೆಗೆದು ಒಳಗೆ ತುರುಕಿ ಲಕೋಟೆ ಅಂಟಿಸಿದರು. ಹುಡುಗಿಗೆ ಕುಂಕುಮ, ರವಿಕೆ ಕಣ ಬೇರೆ.

ಟ್ಯಾಕ್ಸಿಗೆ ಸಾಮಾನು ಏರಿಸುತ್ತಿದ್ದೆವು, ಜೆಟ್ಟಿಯ ಮೇಲೆ ಕ್ಯಾಪ್ಟನ್ ಬರಿಗಾಲಲ್ಲಿ ಓಡಿಬಂದ. ಕೈಯಲ್ಲಿ ಆ ಒಂದು ಡಾಲರ್. ನೋಟಿನ ಕಟ್ಟಿನೊಳಗೆ ಇದೊಂದು ತಪ್ಪಿ ಬಂದುಬಿಟ್ಟಿದೆ ಸರ್ ಎಂದು ಏದುಸಿರು ಬಿಡುತ್ತ ಚಾಚಿದ. ಹೆಂಗಸರಿಬ್ಬರೂ ಬಿಸಿ ತಗುಲಿದವರಂತೆ ಹಿಂದಕ್ಕೆ ಹಾರಿದರು. ‘ಮುಟ್ಟಬೇಡಿ ಕಣ್ರೀ! ಅದು ವಾಪಸ್ ತಗೊಳ್ಳೋ ಹಾಗಿಲ್ಲ ಅನ್ನಿ!’ ‘ಹೇಳ್ರಿ ಬೀಗರ, ಲಗೂ ಹೇಳ್ರಿ ಅವಗ!’ ನಾನೂ ಬೀಗರೂ ಇಂಗ್ಲಿಷ್ ಹುಡುಕುತ್ತಿರುವಾಗ ದೋಣಿಯ ಮೇಲಿಂದ ಹುಡುಗಿ ಗಂಡನಿಗೆ ಕೂಗಿ ಹೇಳಿದಳು: ಅದನ್ನು ವಾಪಸ್ ಕೊಡಬೇಡ ಮಾರಾಯ, ಡರ್ಬನ್ನಿನ ಅಜ್ಜಿಯೂ ನಮ್ಮ ಮದುವೆಗೆ ನೂರಾ ಒಂದೇ ಕೊಟ್ಟಿದ್ದು, ನೀನು ಆವತ್ತೂ ಹೀಗೇ ಓಡಿದ್ದೆ.